ನನಗೊಬ್ಬನಿಗೇ ಕೆಟ್ಟ ಹವೆ

ಒಬ್ಬ ಮನುಷ್ಯನನ್ನು ನಾನು ಆರು ವರ್ಷ ಬಿಡದೆ ದ್ವೇಷಿಸಿದ್ದೇನೆ. ಅವನು ನನಗೆ ಹೊಡೆದಿರಲಿಲ್ಲ, ನಮ್ಮ ಜಾಗ ಒತ್ತಿರಲಿಲ್ಲ. ಒಂದು ಕೆಂಪು ಬಾವುಟವನ್ನು ಇಳಿಸಿ ಅರ್ಧ ಗಂಟೆಯ ಮೇಲೆ ಮತ್ತೆ ಏರಿಸಿದ್ದ, ಅಷ್ಟೆ.

ಆಗ ಹೊನ್ನಾವರದಲ್ಲಿ ಶರಾವತಿಗೆ ಸೇತುವೆ ಇರಲಿಲ್ಲ. ಭಟ್ಕಳದಿಂದ ಬಂದ ಬಸ್ಸು ಕಾಸರಕೋಡಿನ ದಡದಲ್ಲಿ ನಮ್ಮನ್ನು ಇಳಿಸುತ್ತಿತ್ತು. ಗಂಟುಮೂಟೆ ಹೊತ್ತು ಲಾಂಚು ಹತ್ತಿ ಆಚೆ ಹೋಗಬೇಕು, ಅಲ್ಲಿ ಕುಮಟೆಯ ಬಸ್ಸು ಹಿಡಿಯಬೇಕು. ಬೇಸಿಗೆಯಲ್ಲಿ ಇಪ್ಪತ್ತು ನಿಮಿಷದ ಕೆಲಸ. ಮಳೆಗಾಲದಲ್ಲಿ ಹೇಳುವ ಹಾಗಿರಲಿಲ್ಲ. ಘಟ್ಟದ ಮೇಲೆ ಮಳೆ ಸುರಿದರೆ ಕೆಂಪು ನೀರು ಮರದ ದಿಮ್ಮಿಗಳನ್ನು ಹೊತ್ತು ಬರುತ್ತಿತ್ತು. ಅದೇ ಹೊತ್ತಿಗೆ ಸಮುದ್ರದ ಕಡೆಯಿಂದ ಗಾಳಿ ಬೀಸಿದರೆ ಹೊಳೆ ಸಮುದ್ರ ಸೇರುವ ಅಳಿವೆಯ ಬಾಯಲ್ಲಿ ನೀರು ನೀರಿಗೆ ಡಿಕ್ಕಿ ಹೊಡೆದು ಆಳೆತ್ತರ ಏಳುತ್ತಿತ್ತು. ಆಗ ದಕ್ಕೆಯ, ಎಂದರೆ ಲಾಂಚು ಹತ್ತುವ ಕಟ್ಟೆಯ ಕಂಬಕ್ಕೆ ಕೆಂಪು ಬಾವುಟ ಏರುತ್ತಿತ್ತು, ಲಾಂಚು ನಿಲ್ಲುತ್ತಿತ್ತು. ಇಲ್ಲಿ ಒಂದು ತಾಸು ನಿಂತರೆ ಅಲ್ಲಿ ಕುಮಟೆಯ ಬಸ್ಸು ತಪ್ಪಿತು, ಕುಮಟೆಯದು ತಪ್ಪಿದರೆ ಶಿರಸಿಯದು ತಪ್ಪಿತು. ಕೋರ್ಟಿಗೆ ಹೊರಟವರ ಕೇಸು ಮುಂದೆ ಹೋಯಿತು, ಬಾಣಂತಿಯನ್ನು ನೋಡಲು ಹೊರಟ ತಾಯಿ ದಡದಲ್ಲೇ ಕೂತಳು. ಎರಡೂ ದಡಗಳಲ್ಲಿ ಹಂಚಿನ ಮಾಡಿನ ಕೆಳಗೆ ನೂರಾರು ಜನ ಒದ್ದೆ ಕೊಡೆ ಹಿಡಿದು ಒಂದೇ ಕಂಬವನ್ನು ನೋಡುತ್ತ ಕೂತಿರುತ್ತಿದ್ದರು.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮ ಜಿಲ್ಲೆ ಮುಂಬಯಿಯಿಂದ ಮೈಸೂರಿಗೆ ಸೇರಿ ಎರಡೋ ಮೂರೋ ವರ್ಷವಾಗಿತ್ತು. ನನಗೆ ಇಪ್ಪತ್ತೊಂದು. ಇಂಟರ್ ಸೈನ್ಸ್ ಪಾಸಾಗಿ ಭಟ್ಕಳದ ಮನೆಯಲ್ಲಿ ಕೂತಿದ್ದೆ. ಕುಮಟೆಯ ಒಂದು ಹೈಸ್ಕೂಲಿನಿಂದ ಕಾರ್ಡು ಬಂತು. ವಿಜ್ಞಾನ ಕಲಿಸಲು ಮಾಸ್ತರರು ಬೇಕು, ಗುರುವಾರ ಹನ್ನೊಂದಕ್ಕೆ ಸಂದರ್ಶನ.

ಕಾರ್ಡು ಕಂಡು ನನಗಿಂತ ಹೆಚ್ಚು ಸಂತೋಷಪಟ್ಟವರು ಅಪ್ಪ. ಮೂವತ್ತು ವರ್ಷ ಕನ್ನಡ ಶಾಲೆಯ ಮಾಸ್ತರಿಕೆ ಮಾಡಿ, ಕಣ್ಣಿಗೆ ಪೊರೆ ಬಂದು ಮನೆಯಲ್ಲಿ ಕೂತವರು. ಒಂದು ವಾರ ದಿನಾ ಸಂಜೆ ನನ್ನನ್ನು ಜಗುಲಿಯಲ್ಲಿ ನಿಲ್ಲಿಸಿ ಪಾಠ ಮಾಡಿಸಿದರು. ಸನ್ನೆಗೋಲು ಎಂದರೇನು ಎನ್ನುವುದನ್ನು ಒಲೆಯ ಚಿಮಟ, ಅಡಿಕೆಯ ಅಡಕತ್ತರಿ, ತೆಂಗಿನಕಾಯಿ ಸುಲಿಯುವ ಕತ್ತಿ ಇಟ್ಟುಕೊಂಡು ವಿವರಿಸಬೇಕು. ಅವರು ದಡ್ಡ ಹುಡುಗನ ಹಾಗೆ ತಪ್ಪು ಪ್ರಶ್ನೆ ಕೇಳುವರು. ಸಿಟ್ಟಾಗದೆ ಉತ್ತರಿಸಿದರೆ, "ಆತು, ಇವ ಮಾಸ್ತರ ಆಗ್ತ" ಎಂದು ಅಮ್ಮನಿಗೆ ಕೂಗಿ ಹೇಳುವರು.

ಗುರುವಾರ ಮೊದಲ ಬಸ್ಸಿಗೆ ಹೊರಟು ಎಂಟಕ್ಕೆಲ್ಲ ಕಾಸರಕೋಡಿನ ದಡದಲ್ಲಿದ್ದೆ. ಬಾವುಟ ಏರಿತ್ತು. ಗಾಳಿ ಜೋರಾಗಿಯೇ ಇತ್ತು, ಸುಳ್ಳು ಹೇಳುವುದಿಲ್ಲ. ಎಲ್ಲರ ಹಾಗೆ ನಾನೂ ಮಾಡಿನ ಕೆಳಗೆ ಕೂತೆ. ಒಂಬತ್ತಾಯಿತು. ಒಂಬತ್ತೂವರೆಗೆ ಒಂದು ಕರಿ ಕಾರು ಬಂದು ದಕ್ಕೆಯ ಬುಡದಲ್ಲಿ ನಿಂತಿತು. ಅದರಿಂದ ಒಬ್ಬ ದಪ್ಪ ವ್ಯಾಪಾರಿ, ಇಬ್ಬರು ಹೆಂಗಸರು ಮತ್ತು ನನ್ನದೇ ವಯಸ್ಸಿನ ಒಬ್ಬ ಯುವಕ ಇಳಿದರು. ಯುವಕನ ಕಂಕುಳಲ್ಲಿ ಮೇಣಗಪ್ಪಡ ಸುತ್ತಿದ ಫೈಲು ಇತ್ತು.

ಹೊಳೆ ದಾಟಿಸುವ ತಾರಿಯನ್ನು ಗುತ್ತಿಗೆ ಹಿಡಿದವನು ಬೇರೆ ಊರಿನವನು. ಇಲ್ಲಿ ಎಲ್ಲವನ್ನೂ ನಡೆಸುತ್ತಿದ್ದವನು ಅವನ ಮ್ಯಾನೇಜರ. ತುಂಬುತೋಳಿನ ಬಿಳಿ ಅಂಗಿ, ಕೊರಳಲ್ಲಿ ಸರಪಳಿಗೆ ಕಟ್ಟಿದ ಸೀಟಿ, ಬಾಯಲ್ಲಿ ಯಾವಾಗಲೂ ಎಲೆಯಡಿಕೆಯ ಕವಳ. ವ್ಯಾಪಾರಿ ಅವನ ಕಿವಿಯಲ್ಲಿ ಏನೋ ಹೇಳಿದ. ಮ್ಯಾನೇಜರ ತಾನೇ ಹೋಗಿ ಹಗ್ಗ ಸಡಿಲಿಸಿ ಬಾವುಟ ಇಳಿಸಿದ. ನಾವೆಲ್ಲ ಎದ್ದು ಓಡಿದೆವು. ಅವನು ದಕ್ಕೆಯ ಬಾಗಿಲಿಗೆ ಅಡ್ಡ ನಿಂತು, ಕಾರಿನ ನಾಲ್ವರನ್ನು ಮಾತ್ರ ಒಳಗೆ ಬಿಟ್ಟ.

ನಾನು ಕೈಮುಗಿದೆ. "ಮ್ಯಾನೇಜರ್ರೆ, ನಂಗೆ ಹನ್ನೊಂದಕ್ಕೆ ಕುಮಟೇಲಿ ಇಂಟರ್‌ವ್ಯೂ ಅದೆ. ಒಬ್ನೇ ಒಬ್ಬ. ಮೂಲೇಲಿ ನಿಂತ್ಕೊಳ್ತೆ."

"ಆಗೂದಿಲ್ಲ. ಹವೆ ಸಮ ಇಲ್ಲ."

"ಅವ್ರಿಗೆ ಸಮ ಅದ್ಯೊ?"

ಅವನು ಕವಳ ಉಗಿದು, ನನ್ನ ಇಸ್ತ್ರಿ ಮಾಡಿದ ಅಂಗಿಯನ್ನು ಮೇಲಿಂದ ಕೆಳಗೆ ನೋಡಿದ. "ಹವೆ ನಿಂಗೊಬ್ನಿಗೇ ಕೆಟ್ಟದೆ ಅಂತ ತಿಳ್ಕೊ. ಹೋಗಿ ಕೂತ್ಕೊ."

ಮಾಡಿನ ಕೆಳಗಿದ್ದವರು ನಕ್ಕರು. ಅವರೂ ನನ್ನ ಹಾಗೆಯೇ ಸಿಕ್ಕಿಬಿದ್ದವರು, ಆದರೂ ನಕ್ಕರು. ಲಾಂಚು ಓಲಾಡುತ್ತ ಆಚೆ ಸೇರಿತು. ಬಾವುಟ ಮತ್ತೆ ಏರಿತು. ಅದು ಇಳಿದದ್ದು ಮಧ್ಯಾಹ್ನ ಹನ್ನೆರಡಕ್ಕೆ.

ಕುಮಟೆ ಮುಟ್ಟಿದಾಗ ಎರಡೂವರೆ. ಜವಾನ ಕೋಣೆಯ ಕಿಟಕಿಗಳನ್ನು ಮುಚ್ಚುತ್ತಿದ್ದ. ಹೆಡ್‌ಮಾಸ್ತರರು ಒಳ್ಳೆಯವರೇ. ನನಗೆ ನೀರು ಕೊಡಿಸಿ ಹೇಳಿದರು: "ಹವೆ ಕೆಟ್ಟಿತ್ತು ಅಂತ ಹೇಳ್ತೀರಿ. ಆದ್ರೆ ನಿಮ್ಮ ದಡದಿಂದ್ಲೇ ಬಂದ ಇನ್ನೊಬ್ರು ಹತ್ತೂಮುಕ್ಕಾಲಿಗೇ ಇಲ್ಲಿದ್ರಲ್ಲ. ಅವರನ್ನೇ ತಗೊಂಡಾಯ್ತು." ಅದಕ್ಕೆ ಉತ್ತರ ಇತ್ತು, ಹೇಳಿದರೆ ಹೊಟ್ಟೆಕಿಚ್ಚಿನಂತೆ ಕೇಳಿಸುತ್ತಿತ್ತು.

ಮನೆಗೆ ಮರಳಿದಾಗ ಅಪ್ಪ ನನ್ನ ಹೆಜ್ಜೆಯ ಸಪ್ಪಳದಲ್ಲೇ ತಿಳಿದುಕೊಂಡರು. ಲಾಂಚು ಹೊರಡಲಿಲ್ಲ ಎಂದಷ್ಟೇ ಹೇಳಿದೆ.

"ಗಾಳಿ ಮಳೆಗೆ ನೀ ಎಂತ ಮಾಡೂಕಾತು, ತಮ್ಮಾ?" ಎಂದರು. "ಅದು ಯಾರ ತಪ್ಪೂ ಅಲ್ಲ."

ಅವರು ಮುಂದಿನ ವರ್ಷ ತೀರಿಕೊಂಡರು. ಗಾಳಿ ಮಳೆಯದೇ ತಪ್ಪು ಎಂದು ನಂಬಿಕೊಂಡೇ ಹೋದರು. ನಾನು ಅವರ ನಂಬಿಕೆ ಕೆಡಿಸಲಿಲ್ಲ. ಆ ಸತ್ಯ ಪೂರ್ತಿ ನನ್ನೊಳಗೇ ಉಳಿಯಿತು, ಉಳಿದು ಹುಳಿಯಾಯಿತು. ಸ್ನಾನದ ಮನೆಯಲ್ಲಿ, ಬಸ್ಸಿನಲ್ಲಿ, ಊಟಕ್ಕೆ ಕೂತಾಗ ಆ ಮ್ಯಾನೇಜರನಿಗೆ ಏನೇನು ಆಗಬೇಕು ಎಂದು ಯೋಚಿಸುತ್ತಿದ್ದೆ. ಒಮ್ಮೆ ಅವನು ನೀರಿಗೆ ಬಿದ್ದು ಕೈಚಾಚುತ್ತಿದ್ದ. ಇನ್ನೊಮ್ಮೆ ಅವನ ಮಗ ಪರೀಕ್ಷೆಯಲ್ಲಿ ನನ್ನೆದುರು ನಿಂತಿರುತ್ತಿದ್ದ. ಇಂಥ ಯೋಚನೆಗಳಿಂದ ನನಗೆ ನಾಚಿಕೆಯಾಗುತ್ತಿರಲಿಲ್ಲ, ಹಸಿವಾಗುತ್ತಿತ್ತು.

ಎರಡು ವರ್ಷ ಅಲ್ಲಿ ಇಲ್ಲಿ ಕೆಲಸ ಮಾಡಿದ ಮೇಲೆ ಸರಕಾರಿ ಗುಮಾಸ್ತನ ಪರೀಕ್ಷೆ ಪಾಸಾದೆ. ನನ್ನನ್ನು ಹಾಕಿದ್ದು ಹೊನ್ನಾವರದ ದಕ್ಕೆಯ ಪಕ್ಕದ ಒಂದು ಸಣ್ಣ ಕಚೇರಿಗೆ. ಮಳೆ ಅಳೆಯುವುದು, ಗಾಳಿಯ ದಿಕ್ಕು ಬರೆಯುವುದು, ಉಬ್ಬರ ಇಳಿತದ ಹೊತ್ತು ಗುರುತಿಸುವುದು, ತುಫಾನಿನ ತಂತಿ ಬಂದರೆ ಮೀನುಗಾರರಿಗೆ ತಿಳಿಸುವುದು, ಇದು ಕೆಲಸ. ನಾನು ಹೋಗಿ ಒಂದು ವರ್ಷದಲ್ಲಿ, ಬೇರೆಲ್ಲೋ ಒಂದು ದೋಣಿ ಮಗುಚಿದ ಕಾರಣಕ್ಕೆ ಮೇಲಿನಿಂದ ಹೊಸ ಹುಕುಂ ಬಂತು. ಇನ್ನು ಮುಂದೆ ಲಾಂಚು ನಿಲ್ಲಿಸುವ ಬಾವುಟ ಗುತ್ತಿಗೆದಾರನ ಜನರ ಕೈಯಲ್ಲಿ ಇರತಕ್ಕದ್ದಲ್ಲ, ಕಚೇರಿಯ ಗುಮಾಸ್ತನೇ ಹವೆ ನೋಡಿ ಏರಿಸಬೇಕು, ಇಳಿಸಬೇಕು.

ಹುಕುಂ ಎರಡು ಸಲ ಓದಿದೆ. ಬಾವುಟ ನನ್ನ ಕೈಗೆ ಬಂದಿತ್ತು.

ಮ್ಯಾನೇಜರ ಆಗ ಹೊನ್ನಾವರದ ದಡಕ್ಕೆ ಬಂದಿದ್ದ. ಬಾವುಟದ ಹಗ್ಗವನ್ನು ನನಗೆ ಒಪ್ಪಿಸುವಾಗ, "ಸಾಹೇಬ್ರೆ, ಹೊಂದ್ಕೊಂಡು ಹೋಗ್ವ" ಎಂದು ನಕ್ಕ. ನನ್ನ ಗುರುತು ಹತ್ತಿದ ಲಕ್ಷಣ ಕಾಣಲಿಲ್ಲ. ನಾನೂ ನಕ್ಕೆ. ಮೂರು ವರ್ಷ ಅವನು ತಂದುಕೊಟ್ಟ ಚಹಾ ಕುಡಿದೆ.

ಆ ಮೂರು ವರ್ಷ ನನಗೆ ನದಿಯನ್ನು ಓದಲು ಕಲಿಸಿದವರು ಲಾಂಚಿನ ತಾಂಡೇಲರು. ಲಾಂಚು ನಡೆಸುವ ಮುಖ್ಯಸ್ಥರನ್ನು ನಮ್ಮಲ್ಲಿ ತಾಂಡೇಲ ಎನ್ನುತ್ತಾರೆ. ಮಾವಿನಕುರ್ವೆಯವರು, ಮನೆಮಾತು ಕೊಂಕಣಿ, ಐವತ್ತು ದಾಟಿದ ಗಟ್ಟಿ ಜೀವ. ನನ್ನ ಯಂತ್ರಗಳನ್ನು ಅವರು ಗೌರವದಿಂದಲೇ ನೋಡುತ್ತಿದ್ದರು, ನಂಬುತ್ತಿರಲಿಲ್ಲ. ಸಮುದ್ರದ ನಡುವಿನ ದುರ್ಗದ ಗುಡ್ಡೆ ಮಸುಕಾದರೆ ಕಾಲು ತಾಸಿನಲ್ಲಿ ಮಳೆ ಇಲ್ಲಿರುತ್ತದೆ, ಅಳಿವೆಯ ನೊರೆಗೆರೆ ಮುರಿದರೆ ಗಾಳಿ ತಿರುಗಿತು ಎಂದರ್ಥ, ಬೆಳ್ಳಕ್ಕಿ ನದಿಯ ಮೇಲ್ಮುಖ ಹಾರಿದರೆ ಆ ದಿನ ಮಧ್ಯಾಹ್ನದವರೆಗೂ ಹೊರಡುವ ಮಾತಿಲ್ಲ. ಎಲ್ಲವನ್ನೂ ಅವರು ಬೆರಳು ತೋರಿಸಿ ಹೇಳಿದರು. ಒಂದು ದಿನ ನಾನು ಅವರಿಗೆ ನನ್ನ ಕತೆ ಹೇಳಿದೆ, ಅಪ್ಪ ಗಾಳಿ ಮಳೆಯದೇ ತಪ್ಪು ಎಂದು ನಂಬಿ ಹೋದದ್ದನ್ನೂ ಹೇಳಿದೆ. ಇನ್ನೊಬ್ಬರಿಗೆ ಹೇಳಿದ್ದು ಅದೇ ಮೊದಲು.

ತಾಂಡೇಲರು ಸೇದುತ್ತಿದ್ದ ಬೀಡಿ ಆರಿಸಿದರು. "ಆ ಕಾರಿನವ್ರನ್ನ ದಾಟ್ಸಿದವ ನಾನೇ, ಸಾಹೇಬ್ರೆ. ಆ ದಿನ ಹವೆ ಖರೆ ಕೆಟ್ಟಿತ್ತು. ನಡು ಹೊಳೇಲಿ ನೀರು ಒಳಗೆ ಬಂತು. ಹೆಂಗಸ್ರು ಕೂಗ್ಕೊಂಡ್ರು. ನೀವು ಉಳ್ಕೊಂಡದ್ದೇ ಒಳ್ಳೇದಾತು."

ಅದು ಸಮಾಧಾನದ ಮಾತು. ನನಗೆ ಅದರಿಂದ ಸಿಟ್ಟು ಹೆಚ್ಚಾಯಿತು. ಮುಳುಗುವ ಲಾಂಚಾದರೂ ಆ ದಿನ ನಾನು ಹತ್ತುತ್ತಿದ್ದೆ.

ಅರವತ್ತರ ದಶಕದ ನಡುವಿನ ಒಂದು ಆಷಾಢಕ್ಕೆ ಮುಂಚಿನ ಬೆಳಿಗ್ಗೆ ಮ್ಯಾನೇಜರ ಸಂಸಾರ ಸಮೇತ ದಕ್ಕೆಗೆ ಬಂದ. ಮಗಳ ನಿಶ್ಚಯ ಭಟ್ಕಳದಲ್ಲಿ, ಹುಡುಗನ ಮನೆಯಲ್ಲಿ, ಮುಹೂರ್ತ ಹನ್ನೆರಡರ ಒಳಗೆ. ಆಷಾಢ ಬಂದರೆ ತಿಂಗಳು ತಡ, ಅದಕ್ಕೇ ಅವಸರ. ಹೆಂಡತಿ, ಅಣ್ಣ ಅತ್ತಿಗೆ, ಹಣ್ಣಿನ ತಟ್ಟೆಗಳು, ಅಬ್ಬಲಿಗೆ ಮುಡಿದ ಮಗಳು. ಬಾವುಟ ಏರಿತ್ತು. ಎಂಟಕ್ಕೆ ಏರಿಸಿದ್ದೆ, ನ್ಯಾಯವಾಗಿಯೇ ಏರಿಸಿದ್ದೆ. ದುರ್ಗದ ಗುಡ್ಡೆ ಕಾಣುತ್ತಿರಲಿಲ್ಲ.

ಹತ್ತಕ್ಕೆ ಗುಡ್ಡೆ ಕಂಡಿತು. ಗಾಳಿ ಇಳಿಯಿತು. ನೊರೆಗೆರೆ ನೆಟ್ಟಗಾಯಿತು. ನಾನು ಕಚೇರಿಯ ಮೆಟ್ಟಿಲ ಮೇಲೆ ನಿಂತು ಎಲ್ಲವನ್ನೂ ನೋಡಿದೆ. ಒಳಗೆ ಹೋಗಿ ಪುಸ್ತಕದಲ್ಲಿ "ಗಾಳಿ ಜೋರು, ಅಳಿವೆಯಲ್ಲಿ ಅಲೆ" ಎಂದು ದುಂಡಗೆ ಬರೆದೆ. ಆಮೇಲೆ ಕುರ್ಚಿ ಹೊರಗೆ ಹಾಕಿಸಿಕೊಂಡು ಕೂತೆ. ಅಷ್ಟು ಸುಖವಾಗಿ ನನ್ನ ಜೀವಮಾನದಲ್ಲಿ ಬೇರೆಂದೂ ಕೂತಿಲ್ಲ.

ಮೊದಲು ಬಂದದ್ದು ಮೀನು ಮಾರುವ ಒಬ್ಬ ಹೆಂಗಸು. ತಲೆಯ ಮೇಲಿನ ಬುಟ್ಟಿಯಿಂದ ನೀರು ಸೋರುತ್ತಿತ್ತು.

"ಏ ಸಾಹೇಬಾ, ಹೊಳೆ ಎಣ್ಣೆ ಹಾಂಗೆ ಅದೆ. ಯಾಕೆ ಬಾವುಟ ತೆಗೀಲಿಲ್ಲ?"

"ಗಾಳಿ ಮತ್ತೆ ಬತ್ತದೆ."

"ಎಲ್ಲಿಂದ ಬತ್ತದೆ? ನಿನ್ನ ಮೂಗಿಂದ್ಲೊ? ನನ್ನ ಚಟ್ಲಿ ನಾರೂಕೆ ಸುರು ಆತು. ಇದ್ನ ನಿನ್ನ ಮನೆಗೆ ಕೊಟ್ಟು ಹೋಗ್ಲೊ?"

ಬುಟ್ಟಿಯನ್ನು ನನ್ನ ಕುರ್ಚಿಯ ಹತ್ತಿರವೇ ಇಳಿಸಿ ಕೂತಳು. ಸಿಗಡಿಯ ವಾಸನೆ ಏರುತ್ತಾ ಹೋಯಿತು. ನಾನು ಅಲುಗಲಿಲ್ಲ.

ಹನ್ನೊಂದಕ್ಕೆ ತಾಂಡೇಲರು ಬಂದರು. ನನ್ನ ಮುಖ ನೋಡದೆ ನದಿಯ ಕಡೆ ನೋಡುತ್ತ ಹೇಳಿದರು: "ಗಾಳಿ ಇಳಿದು ಒಂದು ತಾಸಾತು, ಸಾಹೇಬ್ರೆ. ನಿಮ್ಗೂ ಗೊತ್ತು, ನಂಗೂ ಗೊತ್ತು."

"ಪುಸ್ತಕದಲ್ಲಿ ಬರೆದಾಗಿದೆ, ತಾಂಡೇಲರೆ."

"ಆ ಕೂಸು ನಿಮ್ಗೆ ಎಂತ ಮಾಡಿತ್ತು?"

ಅವರು ಲಾಂಚಿಗೆ ಮರಳಿದರು.

ಹನ್ನೊಂದೂವರೆಗೆ ಮ್ಯಾನೇಜರ ಬಂದ. ಬಿಳಿ ಅಂಗಿ ಮೈಗೆ ಅಂಟಿತ್ತು, ಹೊಸ ಪಂಚೆಯ ಅಂಚಿಗೆ ಕೆಸರು. ಬಾಯಲ್ಲಿ ಕವಳ ಇರಲಿಲ್ಲ. ಕೈಮುಗಿದ. ಆರು ವರ್ಷ ನಾನು ಮನಸ್ಸಿನಲ್ಲೇ ಕಾಣುತ್ತಿದ್ದ ನೋಟ ಅದು, ಕಣ್ಣೆದುರಿಗೇ ಬಂದು ನಿಂತಿತ್ತು.

"ಸಾಹೇಬ್ರೆ, ಮೂರು ವರ್ಷದ ಪರಿಚಯ. ಹೆಣ್ಣು ಹೆತ್ತವನ ಕಷ್ಟ ಅರ್ಥ ಮಾಡ್ಕೊಳಿ. ಈಗ ಬಿಟ್ರೂ ಕಾರು ಮಾಡ್ಕೊಂಡು ಹ್ಯಾಂಗಾರೂ ಮುಟ್ತೆ, ಕೈಕಾಲು ಹಿಡಿದು ಮುಹೂರ್ತ ಮುಂದೆ ಹಾಕಿಸ್ತೆ."

ನಾನು ಎದ್ದು ನಿಂತೆ. ಬಾಯಿಪಾಠ ಮಾಡಿಟ್ಟ ಮಾತು ತಾನಾಗಿ ಹೊರಗೆ ಬಂತು. "ಹವೆ ನಿಂಗೊಬ್ನಿಗೇ ಕೆಟ್ಟದೆ ಅಂತ ತಿಳ್ಕೊ. ಹೋಗಿ ಕೂತ್ಕೊ."

ಅವನು ನನ್ನನ್ನೇ ನೋಡಿದ. ನೋಡುತ್ತ ನೋಡುತ್ತ ಅವನ ಮುಖದ ದೈನ್ಯ ಕರಗಿ ಹೋಯಿತು. ಮುಗಿದಿದ್ದ ಕೈ ಇಳಿಸಿದ.

"ಇಸ್ತ್ರಿ ಅಂಗಿ," ಎಂದ. "ಕುಮಟೆ ಇಂಟರ್‌ವ್ಯೂ. ನೀನೇನಾ ಅದು?"

"ಹೌದು."

"ಮೂರು ವರ್ಷ ನನ್ನ ಚಹಾ ಕುಡಿದೆ."

"ಕುಡಿದೆ."

ಅವನು ತಲೆಯಾಡಿಸಿದ. ಕ್ಷಮೆ ಕೇಳುತ್ತಾನೆ ಎಂದು ನಾನು ಕಾದೆ. ಕೇಳಿದರೆ ಏನು ಹೇಳಬೇಕು ಎನ್ನುವುದನ್ನೂ ತಯಾರು ಮಾಡಿಟ್ಟಿದ್ದೆ. ಅವನು ಕೇಳಲಿಲ್ಲ. "ಸಮ ಮಾಡಿದೆ," ಎಂದ. "ನಾನಾದ್ರೂ ಇದ್ನೇ ಮಾಡ್ತಿದ್ದೆ. ನೀನೂ ನಮ್ಮ ಪೈಕಿಯೇ ಆದೆ." ಹೇಳಿ, ಮಾಡಿನ ಕಡೆಗೆ ನಡೆದು ಹೋಗಿ ಮಗಳ ಪಕ್ಕದಲ್ಲಿ ಕೂತ.

ಅವನು ನನ್ನನ್ನು ಬೈದಿದ್ದರೆ ಆ ಕ್ಷಣವೇ ಬಾವುಟ ಇಳಿಸುತ್ತಿದ್ದೆನೋ ಏನೋ. ಆ ಮೆಚ್ಚುಗೆ ಕೇಳಿ ಮೈ ಉರಿದುಹೋಯಿತು. ಇನ್ನೂ ಮುಕ್ಕಾಲು ತಾಸು ತಡೆದೆ. ಹುಡುಗಿ ಒಮ್ಮೆ ಮಾತ್ರ ತಲೆಯೆತ್ತಿ ಕಂಬದ ಕಡೆ ನೋಡಿದಳು, ನನ್ನ ಕಡೆ ಅಲ್ಲ. ಹನ್ನೆರಡೂಕಾಲಿಗೆ ಹಗ್ಗ ಸಡಿಲಿಸಿದೆ. ಮೀನಿನ ಹೆಂಗಸು ಹೋಗುವಾಗ ಒಂದು ಮುಷ್ಟಿ ಸಿಗಡಿಯನ್ನು ನನ್ನ ಮೆಟ್ಟಿಲ ಮೇಲೆ ಚೆಲ್ಲಿ ಹೋದಳು. ಅದನ್ನು ನಾನೇ ತೊಳೆದೆ.

ಹುಡುಗನ ಮನೆಯ ಅಜ್ಜ ಮುಹೂರ್ತದ ವಿಷಯದಲ್ಲಿ ಬಿಗಿ. ಶುರುವಿಗೇ ಅಪಶಕುನ ಎಂದು, ಆಷಾಢ ಕಳೆಯಲಿ, ನೋಡುವ ಎಂದರಂತೆ. ಆಷಾಢ ಕಳೆಯಿತು, ಅವರು ನೋಡಲಿಲ್ಲ. ಸುದ್ದಿ ಕೇಳಿದ ದಿನ ನಾನು ಹೋಟೆಲಿಗೆ ಹೋಗಿ ಹೊಟ್ಟೆ ತುಂಬ ತಿಂದೆ. ಇದನ್ನು ಬರೆಯುವುದು ಕಷ್ಟ, ಆದರೆ ತಿಂದದ್ದು ನಿಜ.

ಮ್ಯಾನೇಜರ ಸುಮ್ಮನೆ ಕೂರುವವನಲ್ಲ. ಮೇಲಕ್ಕೆ ಅರ್ಜಿ ಹಾಕಿದ. ಗುಮಾಸ್ತ ವೈಯಕ್ತಿಕ ಹಗೆಯಿಂದ ಲಾಂಚು ತಡೆದ, ಪುಸ್ತಕದಲ್ಲಿ ಸುಳ್ಳು ಬರೆದ ಎಂದು. ಅಕ್ಷರಕ್ಷರ ಸತ್ಯ. ಒಂದು ತಿಂಗಳಲ್ಲಿ ಸಾಹೇಬರೊಬ್ಬರು ವಿಚಾರಣೆಗೆ ಬಂದರು. ಪುಸ್ತಕ ನೋಡಿದರು. ಅದರಲ್ಲಿ ಗಾಳಿ ಜೋರಾಗಿತ್ತು. ಮ್ಯಾನೇಜರನ ಮಾತು ಕೇಳಿದರು. ಅದರಲ್ಲಿ ಗಾಳಿ ಇರಲಿಲ್ಲ. ಸಾಹೇಬರು ಕನ್ನಡಕ ತೆಗೆದು, "ಲಾಂಚು ನಡೆಸುವವನನ್ನು ಕರೆಯಿರಿ" ಎಂದರು.

ತಾಂಡೇಲರು ಬಂದು ಟೊಪ್ಪಿ ಕೈಯಲ್ಲಿ ಹಿಡಿದು ನಿಂತರು. ಅವರು ಸುಳ್ಳಾಡುವವರಲ್ಲ. ನೀರಿನ ವಿಷಯದಲ್ಲಂತೂ, ದಿನಾ ನೂರಾರು ಜೀವ ಹೊತ್ತು ದಾಟುವ ಮನುಷ್ಯ, ಗುತ್ತಿಗೆದಾರನ ಮುಖಕ್ಕೇ ಇದ್ದದ್ದನ್ನು ಇದ್ದ ಹಾಗೆ ಹೇಳುವವರು.

"ಆ ದಿನ ಹತ್ತು ಗಂಟೆಯ ಮೇಲೆ ಹವೆ ಹೇಗಿತ್ತು?"

ತಾಂಡೇಲರು ಒಂದು ಕ್ಷಣ ಕಿಟಕಿಯ ಹೊರಗೆ ನೋಡಿದರು. ನನ್ನ ಕಡೆಗೂ ನೋಡಲಿಲ್ಲ, ಮ್ಯಾನೇಜರನ ಕಡೆಗೂ ನೋಡಲಿಲ್ಲ.

"ಕೆಟ್ಟಿತ್ತು," ಎಂದರು. "ಲಾಂಚು ಬಿಡೂ ಹವೆ ಅಲ್ಲ."

ಅಷ್ಟಕ್ಕೆ ವಿಚಾರಣೆ ಮುಗಿಯಿತು. ಸುಳ್ಳು ಅರ್ಜಿ ಹಾಕಿದ ತಪ್ಪಿಗೆ ಗುತ್ತಿಗೆದಾರ ಮ್ಯಾನೇಜರನನ್ನು ದಕ್ಕೆಯಿಂದ ಬಿಡಿಸಿದ. ಅವನು ಸೀಟಿಯನ್ನು ಮೇಜಿನ ಮೇಲಿಟ್ಟು ಮೆಟ್ಟಿಲು ಇಳಿಯುವುದನ್ನು ನಾನು ಬಾಗಿಲಲ್ಲಿ ನಿಂತು ಪೂರ್ತಿ ನೋಡಿದೆ. ಕಣ್ಣು ಬೇರೆಡೆ ತಿರುಗಿಸಲಿಲ್ಲ. ಆಮೇಲೆ ಅವನು ಕುಮಟೆಯ ಪೇಟೆಯಲ್ಲಿ ಒಂದು ಕಿರಾಣಿ ಅಂಗಡಿ ಇಟ್ಟ. ಮಗಳಿಗೆ ಮರುವರ್ಷ ಕಾಗಾಲದ ಕಡೆ ಮದುವೆಯಾಯಿತು, ಚೆನ್ನಾಗಿಯೇ ಇದ್ದಾಳೆ ಎಂದು ಕೇಳಿದೆ. ಆ ಸುದ್ದಿಯಿಂದ ನನ್ನ ಎದೆಯ ಮೇಲಿನ ಒಂದು ಭಾರ ಇಳಿಯಿತು. ಅವಳ ಅಪ್ಪನ ವಿಷಯದಲ್ಲಿ ಭಾರ ಎಂಬುದೇ ಇರಲಿಲ್ಲ. ಈಗಲೂ ಇಲ್ಲ. ಆ ಒದ್ದೆ ಅಂಗಿ, ಮುಗಿದ ಕೈ ನೆನಪಾದಾಗ ಇವತ್ತಿಗೂ ನನಗೆ ಹಿತವಾಗುತ್ತದೆ. ಮುದುಕನಾದ ಮೇಲೆ ಮನಸ್ಸು ಮೆತ್ತಗಾಗುತ್ತದೆ ಎನ್ನುವವರು ನನ್ನನ್ನು ಕಂಡಿಲ್ಲ.

ವಿಚಾರಣೆಯ ಸಂಜೆ ಧೈರ್ಯ ಮಾಡಿ ಲಾಂಚಿನ ಹತ್ತಿರ ಹೋದೆ. ತಾಂಡೇಲರು ಇಂಜಿನ್ನಿಗೆ ಎಣ್ಣೆ ಹಾಕುತ್ತಿದ್ದರು.

"ನಿಮ್ಮ ಉಪಕಾರ..." ಎಂದು ಶುರು ಮಾಡಿದೆ.

"ನಿಮ್ಮ ಅಪ್ಪನ ಸಲುವಾಗಿ ಹೇಳಿದ್ದು," ಎಂದು ಅಲ್ಲಿಗೇ ತಡೆದರು. "ಹೊಳೆ ಮೇಲೆ ನಾ ಸುಳ್ಳು ಹೇಳಿದ್ದು ಇದೊಂದೇ ಸಲ. ಇನ್ನು ನನ್ನ ಹತ್ರ ಹವೆ ಕೇಳೂಕೆ ಬರ್ಬೇಡಿ, ಸಾಹೇಬ್ರೆ."

ಮರುದಿನ ಬೆಳಿಗ್ಗೆ ಮೋಡ ಕವಿದಿತ್ತು. ಅಭ್ಯಾಸಬಲದಿಂದ ಮೆಟ್ಟಿಲ ಮೇಲೆ ನಿಂತು, "ಇವತ್ತು ಎಂತ ಆಗ್ತದೆ, ತಾಂಡೇಲರೆ?" ಎಂದು ಕೂಗಿಬಿಟ್ಟೆ.

"ನೀವು ಬರೆದ ಹಾಂಗೆ ಆಗ್ತದೆ," ಎಂದು ಅವರು ತಲೆಯೆತ್ತದೆ ಹೇಳಿದರು.

ನಾನು ಇನ್ನೂ ಎರಡು ಮಳೆಗಾಲ ಅಲ್ಲಿದ್ದೆ. ಅವರು ದಿನವೂ ನಮಸ್ಕಾರ ಮಾಡುತ್ತಿದ್ದರು, ಬಾವುಟ ಇಳಿದಾಗ ಹೊರಡುತ್ತಿದ್ದರು, ಏರಿದಾಗ ನಿಲ್ಲುತ್ತಿದ್ದರು. ನಾನು ಒಬ್ಬನೇ ನಿಂತು ಆಕಾಶ ನೋಡಿ ಪುಸ್ತಕ ತುಂಬುತ್ತಿದ್ದೆ. ಎಷ್ಟೋ ಸಲ ಲೆಕ್ಕ ತಪ್ಪಿತು. ಹವೆ ಚೆನ್ನಾಗಿದ್ದಾಗ ಜನರನ್ನು ಸುಮ್ಮನೆ ಕೂರಿಸಿದೆ, ಒಂದೆರಡು ಸಲ ಕೆಟ್ಟಿದ್ದಾಗ ಬಿಟ್ಟೆ. ಹಾಗೆ ಬಿಟ್ಟ ದಿನಗಳಲ್ಲಿ ಲಾಂಚು ಆಚೆ ದಡ ಸೇರುವವರೆಗೂ ಕಂಬ ಹಿಡಿದು ನಿಂತಿರುತ್ತಿದ್ದೆ. ತಾಂಡೇಲರು ಏನೂ ಹೇಳದೆ ಅದನ್ನು ದಾಟಿಸಿಕೊಂಡು ಹೋಗುತ್ತಿದ್ದರು.